ಅದನ್ನು ಮಾಡಿದ್ದು ಯಾರು ಮಾಣಿ?

ನನ್ನ ಹಳೆ ಕಂಪ್ಯೂಟರನ್ನು ಯಾರಾದರೂ ಹುಡುಕಿಕೊಂಡು ಬರುತ್ತಾರೆ ಅಂತ ನಾನು ಎಣಿಸಿರಲಿಲ್ಲ. ಗುಜರಿಯವನೇ ಬೇಡ ಅಂದಿದ್ದ. ಕಾಸರಗೋಡಿನ ಬದಿಯಡ್ಕದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಾಗಿನ ಯಂತ್ರ ಅದು. ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್, ಯುನಿಕೋಡ್ ಅಲ್ಲದ ಕನ್ನಡ ಫಾಂಟುಗಳು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ ಎಲ್ಲ ಅದರಲ್ಲೇ ಆದದ್ದು. ಆ ಫೈಲುಗಳನ್ನು ಈಗಿನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತವೆ. ಹಾಗಾಗಿ ಅಂಗಡಿ ಮುಚ್ಚಿದ ಮೇಲೂ ಯಂತ್ರವನ್ನು ಅಟ್ಟದಲ್ಲಿ ಹಳೆ ಬೆಡ್‌ಶೀಟು ಹೊದೆಸಿ ಇಟ್ಟಿದ್ದೆ.

ಬಂದದ್ದು ತಮ್ಮನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಆಟಿಯ ಮಳೆಗೆ ಊರಿಗೆ ಬಂದರೆ ಪತ್ರೊಡೆ ಸಿಗುತ್ತದೆ ಅಂತ ಬರುವವನು. ಈ ಸಲ ಬಂದವನೇ, "ಅತ್ತೆ, ನಿಮ್ಮ ಎಕ್ಸ್‌ಪಿ ಇನ್ನೂ ಓಡ್ತದಾ?" ಅಂದ. ಅವನಿಗೆ ಬಿಟ್‌ಕಾಯಿನ್ ಎಂಬ ಕಂಪ್ಯೂಟರ್ ನಾಣ್ಯದ ಪ್ರೋಗ್ರಾಮಿನ ಮೊದಲ ಆವೃತ್ತಿಯನ್ನು ಅದು ಹುಟ್ಟಿದ ಕಾಲದ ಸಲಕರಣೆಗಳಿಂದಲೇ ಮತ್ತೆ ಕಟ್ಟಬೇಕಂತೆ. ಲ್ಯಾಪ್‌ಟಾಪಿನೊಳಗೇ ಒಂದು ನಕಲಿ ಎಕ್ಸ್‌ಪಿ ಎಬ್ಬಿಸಬಹುದು, ಎಬ್ಬಿಸಿಯೂ ಇದ್ದ. ಆದರೆ ನಿಜವಾದ ಯಂತ್ರದಲ್ಲಿ ಓಡಿಸುವ ಹುಚ್ಚು. ಇವನಿಗೆ ಮೊದಲಿಂದಲೂ ಹಾಗೆಯೇ. ಬೇಕಾದ್ದು ಬಿಟ್ಟು ಬೇಡದ್ದನ್ನು ಪೂರ್ತಿ ಮಾಡುವ ಜಾತಿ. ತಿಂದ ತಟ್ಟೆ ತೊಳೆದಿಡಲು ಮಾತ್ರ ಅಷ್ಟು ಶ್ರದ್ಧೆ ಇಲ್ಲ.

ಸಟೋಶಿ ನಕಮೋಟೊ ಎಂಬ ಹೆಸರಿನ, ಯಾರೆಂದು ಇವತ್ತಿಗೂ ಗೊತ್ತಿಲ್ಲದ ವ್ಯಕ್ತಿ 2009ರ ಜನವರಿಯಲ್ಲಿ ಬಿಟ್ಟ 0.1 ಆವೃತ್ತಿ ವಿಂಡೋಸ್‌ನಲ್ಲಿ ಮಾತ್ರ ಓಡುತ್ತಿತ್ತು. ಸಿ++ನಲ್ಲಿ ಬರೆದದ್ದು. ಜೊತೆಯ ರೀಡ್‌ಮಿ ಫೈಲಿನಲ್ಲಿ ಯಾವುದರಿಂದ ಕಟ್ಟಬೇಕು ಅಂತ ಬರೆದಿದೆ: ಮಿನ್‌ಜಿಡಬ್ಲ್ಯೂ ಜಿಸಿಸಿ 3.4.5 ಎಂಬ ಕಂಪೈಲರ್ (ಬರೆದ ಕೋಡಿನಿಂದ ಓಡುವ ಪ್ರೋಗ್ರಾಮ್ ಮಾಡುವ ಸಾಧನ), ಜೊತೆಗೆ ಬೇರೆಯವರು ಬರೆದಿಟ್ಟ ಕೋಡಿನ ಕಟ್ಟುಗಳಾದ ಡಬ್ಲ್ಯೂಎಕ್ಸ್‌ವಿಜೆಟ್ಸ್ 2.8.9, ಓಪನ್‌ಎಸ್‌ಎಸ್‌ಎಲ್ 0.9.8ಎಚ್, ಬರ್ಕ್‌ಲಿ ಡಿಬಿ 4.7.25, ಬೂಸ್ಟ್ 1.34.1. ಈಗಿನ ಕಂಪೈಲರಿಗೆ ಆ ಕೋಡ್ ಕೊಟ್ಟರೆ ಪುಟಗಟ್ಟಲೆ ತಪ್ಪು ತೋರಿಸುತ್ತದೆ. ಕೋಡ್ ಹಾಗೇ ಇದೆ, ಸುತ್ತಲಿನದ್ದು ಬದಲಾಗಿದೆ. ಇದು ನನಗೆ ಹೇಳಿಕೊಡಬೇಕಾದ ವಿಷಯ ಅಲ್ಲ. ನನ್ನ ಪೇಜ್‌ಮೇಕರ್ ಫೈಲುಗಳದ್ದೂ ಇದೇ ಕತೆ ಅಲ್ವಾ.

ಡಬ್ಲ್ಯೂಎಕ್ಸ್‌ವಿಜೆಟ್ಸ್ ಕಟ್ಟುವುದಕ್ಕೇ ಒಂದು ಹಗಲು ಹೋಯಿತು. ನಡುವೆ ಕರೆಂಟು ಹೋಗಿ ಬಂದು ಹೋಗಿ, ಯುಪಿಎಸ್ ಕೂಗಿ ಸುಸ್ತಾಯಿತು. ಗೂಢಲಿಪಿಯ ಕೆಲಸಕ್ಕಿರುವ ಓಪನ್‌ಎಸ್‌ಎಸ್‌ಎಲ್ ಹತ್ತಿರ ಬಂದಾಗ ಅವನೊಂದು ತಮಾಷೆ ಹೇಳಿದ. ಬಿಟ್‌ಕಾಯಿನ್ ಅಂದರೆ ಗೂಢಲಿಪಿಯ ಹಣ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಇದರಲ್ಲಿ ಏನನ್ನೂ ಗೂಢಲಿಪಿಗೆ ತಿರುಗಿಸುವುದಿಲ್ಲ ಅಂತ ಸಟೋಶಿಯೇ ಬರೆದಿಟ್ಟಿದ್ದಾನಂತೆ. ಇರುವುದು ಸಹಿ ಮತ್ತು ಹ್ಯಾಶ್ (ಬೆರಳಚ್ಚಿನಂಥ ಒಂದು ಸಂಖ್ಯೆ) ಅಷ್ಟೇ. ನಾನು ನಕ್ಕೆ. ಪೂರ್ತಿ ಅರ್ಥವಾಗಿ ಅಲ್ಲ, ಅವನು ಅಷ್ಟು ಖುಷಿಯಲ್ಲಿದ್ದ ಅಂತ.

ಭಾನುವಾರ ಮಧ್ಯಾಹ್ನ ಮಾಷ್ಟ್ರು ಬಂದರು. ಕನ್ನಡ ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಪ್ರಶ್ನೆ ಕೇಳುವುದರಿಂದ ನಿವೃತ್ತರಾಗಿಲ್ಲ. ದೇವಸ್ಥಾನದ ಹಳೆ ಸಂಚಿಕೆಯ ಒಂದು ಪುಟ ಅವರಿಗೆ ಬೇಕಿತ್ತು. ಅದು ಇದ್ದದ್ದು ಇದೇ ಯಂತ್ರದಲ್ಲಿ. ಯಂತ್ರ ಕಂಪೈಲ್ ಮಾಡುತ್ತಾ ಕೂತಿತ್ತು. ಹಾಗಾಗಿ ಮಾಷ್ಟ್ರೂ ಕೂತರು. ನನ್ನ ಭಾವನೂ ಅಲ್ಲೇ ಇದ್ದರು, ಹಪ್ಪಳ ತಿನ್ನುತ್ತಾ.

"ಈಗ ಎಂತ ಮಾಡ್ತಾ ಉಂಟು ಇದು?"

"ಮನುಷ್ಯರು ಬರೆದದ್ದನ್ನು ಯಂತ್ರಕ್ಕೆ ಬೇಕಾದ ಹಾಗೆ ಮಾಡ್ತಾ ಉಂಟು ಮಾಷ್ಟ್ರೇ."

"ರೆಡಿ ಸಿಗುವುದಿಲ್ಲವಾ?"

"ಸಿಗ್ತದೆ. ಆದರೆ ಅದರೊಳಗೆ ಎಂತ ಉಂಟು ಅಂತ ಕೊಟ್ಟವನನ್ನು ನಂಬಬೇಕಲ್ಲ. ಕೋಡ್ ಓದಿ ನಾವೇ ಕಟ್ಟಿದರೆ ಯಾರನ್ನೂ ನಂಬುವುದು ಬೇಡ."

"ಕಟ್ಟುವುದು ಯಾವುದು?"

"ಕಂಪೈಲರ್."

"ಅದನ್ನೂ ನೀನೇ ಕಟ್ಟಿದ್ದಾ?"

"ಇಲ್ಲ. ಅದು ಇಳಿಸಿಕೊಂಡದ್ದು."

"ಹಾಗಾದರೆ ಅದನ್ನು ಮಾಡಿದ್ದು ಯಾರು ಮಾಣಿ?"

ಹುಡುಗ ಬಾಯಿ ತೆರೆದ. ಮುಚ್ಚಿದ. ಮಾಷ್ಟ್ರು ಕೊಂಕಿನಿಂದ ಕೇಳಿದ್ದಲ್ಲ. ಮಗ್ಗಿ ಕೇಳುವ ಧ್ವನಿಯಲ್ಲೇ ಕೇಳಿದ್ದು. ಅದಕ್ಕೇ ಇರಬೇಕು, ಉತ್ತರ ಹೇಳದೆ ತಪ್ಪಿಸಿಕೊಳ್ಳಲು ಅವನಿಗೂ ದಾರಿ ಸಿಗಲಿಲ್ಲ.

ಕಟ್ಟಿ ಮುಗಿದ ಮೇಲೆ ಅವನು ಹೊಸ ಎಕ್ಸಿ ಫೈಲಿನ, ಅಂದರೆ ಓಡಿಸುವ ಫೈಲಿನ, ಹ್ಯಾಶ್ ತೆಗೆದ. ಇನ್ನೊಮ್ಮೆ ಅದೇ ಕೋಡಿನಿಂದ, ಅದೇ ಕಂಪೈಲರಿನಿಂದ ಕಟ್ಟಿ ಮತ್ತೆ ಹ್ಯಾಶ್ ತೆಗೆದ. ಎರಡೂ ಬೇರೆ. ಸಟೋಶಿ ಕಟ್ಟಿಕೊಟ್ಟಿದ್ದ ಎಕ್ಸಿಗಂತೂ ಎರಡೂ ಹೊಂದುವುದಿಲ್ಲ. ಕಾರಣ ಸಣ್ಣದು. ಎಕ್ಸಿಯ ತಲೆಬರಹದಲ್ಲೇ ಕಟ್ಟಿದ ಗಳಿಗೆ ಸೇರಿಕೊಳ್ಳುತ್ತದಂತೆ. ಒಂದು ಸೆಕೆಂಡು ವ್ಯತ್ಯಾಸವಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. "ಕೆಲಸ ಎಲ್ಲ ಒಂದೇ, ಆದರೆ ಒಂದೇ ಅಂತ ಹೀಗೆ ತೋರಿಸಲಿಕ್ಕೆ ಆಗುವುದಿಲ್ಲ ಅತ್ತೆ" ಅಂದ. ಸ್ವಲ್ಪ ಸಪ್ಪಗಾಗಿದ್ದ.

ಓಡಿಸಿದಾಗ ಮಾತ್ರ ಮುಖ ಅರಳಿತು. ಪ್ರೋಗ್ರಾಮ್ ಎದ್ದ ಕೂಡಲೇ ಮೊಟ್ಟಮೊದಲ ಬ್ಲಾಕನ್ನು, ಅಂದರೆ ನಾಣ್ಯದ ಲೆಕ್ಕಪುಸ್ತಕದ ಮೊದಲ ಪುಟವನ್ನು, ತಾನೇ ಕಟ್ಟಿಕೊಂಡು, ಅದರ ಹ್ಯಾಶ್ ಒಳಗೆ ಬರೆದಿಟ್ಟದ್ದಕ್ಕೆ ಸರಿಹೊಂದುತ್ತದೋ ಅಂತ ನೋಡುತ್ತದೆ. ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಹೊಂದಿತು. ಹತ್ತು ಸೊನ್ನೆ, ಆಮೇಲೆ 19ಡಿ6689. ಆ ಬ್ಲಾಕಿನೊಳಗೆ 2009ರ ಜನವರಿ 3ರ ಲಂಡನ್ ಟೈಮ್ಸ್ ಪತ್ರಿಕೆಯ ತಲೆಬರಹ ಇದೆ. ಬ್ಯಾಂಕುಗಳಿಗೆ ಸರ್ಕಾರ ಎರಡನೇ ಸಲ ದುಡ್ಡು ಕೊಟ್ಟು ಉಳಿಸಲು ಹೊರಟ ಸುದ್ದಿ. ಆ ದಿನಕ್ಕಿಂತ ಮೊದಲು ಇದು ಹುಟ್ಟಿಲ್ಲ ಅಂತ ತೋರಿಸಲು ಅದೇ ಸಾಕ್ಷಿ. ಮಾಷ್ಟ್ರಿಗೆ ಈ ಇಡೀ ಸಂಗತಿಯಲ್ಲಿ ಮೆಚ್ಚುಗೆಯಾದದ್ದು ಇದೊಂದೇ. "ಪೇಪರು ಓದುವ ಜನ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು.

ಒಂದಾದರೂ ಜೊತೆ ಸಿಗದೆ ಈ ಪ್ರೋಗ್ರಾಮ್ ನಾಣ್ಯ ಹುಟ್ಟಿಸುವ ಕೆಲಸ ಶುರುಮಾಡುವುದಿಲ್ಲ. ಲ್ಯಾಪ್‌ಟಾಪಿನ ನಕಲಿ ಎಕ್ಸ್‌ಪಿಯನ್ನೂ ನನ್ನ ಯಂತ್ರವನ್ನೂ ಜೋಡಿಸಿದ. ರಾತ್ರಿ ಊಟದ ಹೊತ್ತಿಗೆ ನಮ್ಮದೇ ಮೊದಲ ಬ್ಲಾಕ್ ಸಿಕ್ಕಿತು. ಅದಕ್ಕೆ ಕೂಲಿ 50 ಬಿಟ್‌ಕಾಯಿನ್. ಭಾವನ ಹಪ್ಪಳ ಅರ್ಧಕ್ಕೆ ನಿಂತಿತು.

"ಐವತ್ತಾ? ಈಗ ಒಂದಕ್ಕೆ ಎಷ್ಟು ಲಕ್ಷ ಉಂಟು ಗೊತ್ತುಂಟಾ ನಿನಗೆ?"

ಇದು ನಮ್ಮ ಮನೆಯೊಳಗಿನ ಬ್ಲಾಕುಗಳ ಸರಪಳಿ, ಹೊರಗಿನದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಇದರ ಬೆಲೆ ಸೊನ್ನೆ ಅಂತ ಹುಡುಗ ವಿವರಿಸಿದ. 2012ರ ಫೆಬ್ರವರಿಯಲ್ಲಿ ಸಂದೇಶಗಳ ರೀತಿಯೇ ಬದಲಾಗಿ, ಇಷ್ಟು ಹಳೆಯ ಪ್ರೋಗ್ರಾಮ್‌ಗಳಿಗೆ ಹೊರಗಿನವರ ಜೊತೆ ಮಾತಾಡಲು ಬರುವುದಿಲ್ಲ ಅಂತಲೂ ಹೇಳಿದ. ಭಾವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಕೆಲವು ವರ್ಷಗಳ ಹಿಂದೆ ಯಾವುದೋ ಕಾಯಿನ್ ಸ್ಕೀಮಿಗೆ ಅಡಿಕೆ ಮಾರಿದ ದುಡ್ಡು ಹಾಕಿ ಕಳೆದುಕೊಂಡವರು ಅವರು. ಆಗ ಒಂದು ಪ್ರಶ್ನೆಯನ್ನೂ ಕೇಳದವರು ಈಗ ಸೊನ್ನೆ ಬೆಲೆಯ ನಾಣ್ಯದ ಬಗ್ಗೆ ಗಂಟೆಗಟ್ಟಲೆ ಅನುಮಾನ ಪಡುತ್ತಾರೆ. ನಮ್ಮಲ್ಲಿ ಅನುಮಾನ ಯಾವಾಗಲೂ ಒಂದು ಸ್ಕೀಮು ತಡವಾಗಿಯೇ ಬರುವುದು.

ಆದರೆ ನನಗೆ ಕಾಡಿದ್ದು ಐವತ್ತು ನಾಣ್ಯ ಅಲ್ಲ. ಅದನ್ನು ಮಾಡಿದ್ದು ಯಾರು ಮಾಣಿ?

ಈ ವಾರ ಪಾತ್ರೆ ತೊಳೆಯುವಾಗಲೂ ಅದೇ. ಹುಡುಗನನ್ನು ಕೇಳಿದೆ. ಮಾಷ್ಟ್ರ ಪ್ರಶ್ನೆ ಹೊಸತೇನಲ್ಲ ಅಂದ. ವಿಂಡೋಸ್‌ನ ಹಾಗೆ ಕಂಪ್ಯೂಟರ್ ನಡೆಸುವ ಯುನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅವರ ಟ್ಯೂರಿಂಗ್ ಪ್ರಶಸ್ತಿ (ಕಂಪ್ಯೂಟರ್ ಕ್ಷೇತ್ರದ ದೊಡ್ಡ ಪ್ರಶಸ್ತಿ) ಭಾಷಣ 1984ರಲ್ಲಿ ಅಚ್ಚಾಗಿದೆಯಂತೆ. ಕಂಪೈಲರಿಗೆ ಒಂದು ಕಳ್ಳಗುಣ ಕಲಿಸಬಹುದು. ಲಾಗಿನ್ ಪ್ರೋಗ್ರಾಮ್ ಕಟ್ಟುವಾಗ ಅದು ಕಳ್ಳಬಾಗಿಲು ಸೇರಿಸುತ್ತದೆ. ಇನ್ನೊಂದು ಕಂಪೈಲರ್ ಕಟ್ಟುವಾಗ ಅದೇ ಗುಣವನ್ನು ಅದಕ್ಕೂ ಸೇರಿಸುತ್ತದೆ. ಆಮೇಲೆ ಕೋಡಿನಿಂದ ಆ ಸಾಲುಗಳನ್ನು ಅಳಿಸಿಬಿಟ್ಟರೂ ಗುಣ ಉಳಿಯುತ್ತದೆ. ಕೋಡ್ ಎಷ್ಟು ಓದಿದರೂ ಸಿಗುವುದಿಲ್ಲ. ಇದೆಲ್ಲ ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ "ಯಾರನ್ನೂ ನಂಬುವುದು ಬೇಡ" ಅಂತ ಅಷ್ಟು ಸಲೀಸಾಗಿ ಹೇಳಿದ್ದ. ಓದಿದ ಮಕ್ಕಳ ತೊಂದರೆ ಇದು.

ಮಾಷ್ಟ್ರಿಗೆ ಥಾಂಪ್ಸನ್ ಯಾರು ಅಂತ ಗೊತ್ತಿಲ್ಲ. ಅವರಿಗೆ ಆ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೂ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ನಮ್ಮ ಮನೆಗಳಲ್ಲಿರುವ ಹಳೆ ಪಾಲುಪಟ್ಟಿ, ಕ್ರಯಪತ್ರ ಎಲ್ಲ ಕನ್ನಡದಲ್ಲಿ, ಅದೂ ಕೂಡಿಸಿ ಎಳೆದ ಮೋಡಿ ಅಕ್ಷರದಲ್ಲಿ. ಈಗ ಜಾಗದ ತಕರಾರು ಬಂದರೆ ಅದರ ಮಲಯಾಳ ಅನುವಾದ ಬೇಕು. ಅನುವಾದ ಮಾಡುವವನಿಗೆ ಮೋಡಿ ಬರುವುದಿಲ್ಲ. ಹಾಗಾಗಿ ಮೊದಲು ಯಾರಾದರೂ ಅದನ್ನು ಓದಿ ಬಿಡಿಸಿ ಬರೆದುಕೊಡಬೇಕು. ನಮ್ಮ ಕಡೆ ಆ ಯಾರಾದರೂ ಅಂದರೆ ಮಾಷ್ಟ್ರು. ಅವರು ಬರೆದದ್ದರಿಂದ ಅನುವಾದ, ಅನುವಾದದಿಂದ ನಕಲು, ನಕಲಿನ ಮೇಲೆ ಮುದ್ರೆ. ಕೊನೆಗೆ ಜಗಳ ತೀರ್ಮಾನವಾಗುವುದು ಆ ಮುದ್ರೆಯ ಮೇಲೆ. ಮಧ್ಯೆ ಒಂದು ಗಡಿಗುರುತು ತಪ್ಪಿ ಓದಿದರೂ ಮುದ್ರೆಗೆ ಗೊತ್ತಾಗುವುದಿಲ್ಲ.

ನಮ್ಮ ಮನೆಯ ಪಾಲುಪಟ್ಟಿಯನ್ನು ಓದಿಕೊಟ್ಟದ್ದೂ ಅವರೇ. ಬಾವಿಯ ನೀರಿನಲ್ಲಿ ಅರ್ಧ ಹಕ್ಕು ನಮ್ಮದು ಅಂತ ಅದರಲ್ಲಿ ಉಂಟಂತೆ. ಉಂಟಂತೆ! ನಾನು ಓದಿಲ್ಲ, ನನಗೆ ಮೋಡಿ ಬರುವುದಿಲ್ಲ. ಕನ್ನಡ ಟೈಪ್ ಮಾಡಿಯೇ ಹೊಟ್ಟೆ ಹೊರೆದವಳಿಗೆ ತನ್ನ ಮನೆಯ ಕನ್ನಡ ಕಾಗದ ಓದಲು ಬರುವುದಿಲ್ಲ. ಪಕ್ಕದ ಮನೆಯವರೂ ಮಾಷ್ಟ್ರ ಮಾತನ್ನೇ ಒಪ್ಪಿಕೊಂಡರು. ಮಾಷ್ಟ್ರು ಸುಳ್ಳು ಹೇಳುವ ಜನ ಅಲ್ಲ, ಅಷ್ಟೇ ನಮ್ಮ ಪರೀಕ್ಷೆ. ಅವರ ನಂತರ ಯಾರು ಅಂತ ನಮ್ಮ ಕೇರಿಯಲ್ಲಿ ಯಾರೂ ಮಾತಾಡುವುದಿಲ್ಲ. ಅವರಿಗೂ ಇದು ಗೊತ್ತಿದೆ. ತಾನು ಓದಿದ್ದನ್ನು ತಾಳೆ ನೋಡುವವರು ಇನ್ನೊಬ್ಬರಿಲ್ಲ ಅನ್ನುವ ಭಾರ ಸಣ್ಣದಲ್ಲ. ಆ ಭಾರದಿಂದಲೇ ಬಂದ ಪ್ರಶ್ನೆ ಅದು ಅಂತ ನನ್ನ ಲೆಕ್ಕ.

ಬುಧವಾರ ಬೆಂಗಳೂರಿನಿಂದ ಹುಡುಗನ ಫೋನ್. ಮಾಷ್ಟ್ರಿಗೆ ಉತ್ತರ ಸಿಕ್ಕಿತಂತೆ. ಇದೇ ಪ್ರಶ್ನೆಯನ್ನು ಹಿಡಿದು ಕೂತವರು ಇದ್ದಾರೆ. ಪ್ರೋಗ್ರಾಮ್‌ಗಳನ್ನು ಕೋಡಿನಿಂದ ಕಟ್ಟಿಕೊಡುವ ಗೀಕ್ಸ್ ಎಂಬ ವ್ಯವಸ್ಥೆಯವರು 2023ರಲ್ಲಿ ಕಂಪೈಲರನ್ನು ಬುಡದಿಂದಲೇ ಬೆಳೆಸಿ ತೋರಿಸಿದರು. ಬುಡದಲ್ಲಿರುವುದು ಬರೀ 357 ಬೈಟ್‌ನ ಪ್ರೋಗ್ರಾಮ್. ಅದರಿಂದ ಸ್ವಲ್ಪ ದೊಡ್ಡದು, ಅದರಿಂದ ಇನ್ನೂ ದೊಡ್ಡದು, ಹೀಗೇ ಹೋಗಿ ಕೊನೆಗೆ ಜಿಸಿಸಿ. ಸಟೋಶಿಯ ಪ್ರೋಗ್ರಾಮಿನ ಈಗಿನ ರೂಪವಾದ ಬಿಟ್‌ಕಾಯಿನ್ ಕೋರ್ ಕೂಡ 2021ರ 22.0 ಆವೃತ್ತಿಯಿಂದ ಗೀಕ್ಸ್‌ನಲ್ಲೇ ಕಟ್ಟಲ್ಪಡುತ್ತದೆ. ಬೇರೆಬೇರೆ ಜನ ಬೇರೆಬೇರೆ ಕಡೆ ಕಟ್ಟಿದರೂ ಒಂದು ಬೈಟೂ ವ್ಯತ್ಯಾಸ ಬರದ ಹಾಗೆ. 357 ಬೈಟ್ ಅಂದರೆ ಒಂದು ಪುಟದಲ್ಲಿ ಬರೆಯಬಹುದು, ಒಬ್ಬ ಮನುಷ್ಯ ಕೂತು ಓದಿ ತಾಳೆ ನೋಡಬಹುದು.

ಫೋನನ್ನು ಸ್ಪೀಕರಿಗೆ ಹಾಕಿ ಮಾಷ್ಟ್ರಿಗೆ ಕೇಳಿಸಿದೆ. ಪೂರ್ತಿ ಕೇಳಿದರು.

"ಅದನ್ನು ಓಡಿಸುವುದು ಯಾವುದು?"

"ಅದು... ಅದಕ್ಕೆ ಕೆಳಗೆ ಯಂತ್ರ ನಡೆಸುವ ಒಂದು ಕರ್ನಲ್ ಬೇಕು ಮಾಷ್ಟ್ರೇ. ಕೆಲಸ ನಡೆಸಿಕೊಡಲು ಇನ್ನೊಂದು ರೆಡಿ ಪ್ರೋಗ್ರಾಮ್ ಕೂಡ. ಮತ್ತೆ ಪ್ರೊಸೆಸರ್..."

"ಇರಲಿ. ಆ ಒಂದು ಪುಟವನ್ನಾದರೂ ನೋಡುವ. ಕಳಿಸು."

ಪ್ರಿಂಟ್ ನಾನೇ ತೆಗೆದುಕೊಡಬೇಕಂತೆ. ಅಕ್ಷರ 16 ಪಾಯಿಂಟ್ ಇರಲಿ, ಸಾಲಿನ ಮಧ್ಯೆ ಜಾಗ ಬಿಡು, ಗುರುತು ಹಾಕಲಿಕ್ಕೆ ಬೇಕು ಅಂತ ಹೇಳಿ ಹೋಗಿದ್ದಾರೆ. 16 ಪಾಯಿಂಟಿನಲ್ಲಿ ಒಂದು ಪುಟಕ್ಕೆ ಹಿಡಿಸುವುದು ಕಷ್ಟ. ಲೀಗಲ್ ಸೈಜಿನ ಕಾಗದ ತರಿಸಬೇಕು.