ಟೂಸಾನ್‌ನಲ್ಲಿ ಹೀಲಾ ಹಲ್ಲಿಯ ಎದುರು ಕೂತಾಗ

ಒಂದು ಹಲ್ಲಿ ನೋಡೋದಕ್ಕೆ ಅಷ್ಟು ದೂರ ಹೋಗಬೇಕಾ ಅಂತ ಯಾರಾದರೂ ಕೇಳಿದರೆ, ಖಂಡಿತ ಹೋಗಿ ಅನ್ನುತ್ತೇನೆ. ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ಊರಿನ ಪಶ್ಚಿಮಕ್ಕೆ ಗುಡ್ಡ ದಾಟಿದರೆ ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂ ಸಿಗುತ್ತದೆ. 1952ರಲ್ಲಿ ಶುರುವಾದದ್ದು. ಹೆಸರಿಗೆ ಮ್ಯೂಸಿಯಂ, ಆದರೆ ಬಹುಪಾಲು ಬಯಲಲ್ಲೇ ಇದೆ. ಸುತ್ತ ಸಗ್ವಾರೊ ಕಳ್ಳಿಗಳು, ನಡುವೆ ಕಾಲುದಾರಿ, ಅಲ್ಲಲ್ಲಿ ಪ್ರಾಣಿಗಳು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಊರಿನಿಂದ ಅಲ್ಲಿಗೆ ಕ್ಯಾಬ್ ಸುಲಭವಾಗಿ ಸಿಕ್ಕಿತು. ವಾಪಸ್ ಬರೋದಕ್ಕೆ ಮಾತ್ರ ಸಿಗಲಿಲ್ಲ. ಬುಕಿಂಗ್ ಒಪ್ಪಿಕೊಂಡ ಚಾಲಕರು ಒಬ್ಬರಾದ ಮೇಲೆ ಒಬ್ಬರು ರದ್ದು ಮಾಡಿದರು. ಅಕ್ಕನನ್ನು ಬಿಸಿಲಲ್ಲಿ ಕೂರಿಸಿಕೊಂಡು ಕಾದದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಬಾಡಿಗೆ ಕಾರು ತಗೊಳ್ಳಿ. ಇಲ್ಲದಿದ್ದರೆ ಬಿಟ್ಟುಹೋಗುವ ಚಾಲಕರ ಹತ್ತಿರವೇ ವಾಪಸಾತಿಯ ಮಾತನ್ನೂ ಮುಗಿಸಿಕೊಳ್ಳಿ.

ಬೆಳಿಗ್ಗೆ ಹ್ಯಾರಿಸ್ ಗಿಡುಗಗಳ ಹಾರಾಟ ನೋಡಿದೆವು. ಬೇಸಿಗೆಯಲ್ಲಿ ಇದು ಇರುವುದಿಲ್ಲ, ದಿನ ನೋಡಿಕೊಂಡು ಹೋಗಬೇಕು. ಬಲೆ ಇಲ್ಲ, ಕಾಲಿಗೆ ದಾರ ಇಲ್ಲ. ಕೈ ಮೇಲೆತ್ತಬೇಡಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಬೇಡಿ ಅಂತ ಮೊದಲೇ ಹೇಳಿದರು. ಯಾಕೆ ಅಂತ ಆಮೇಲೆ ಗೊತ್ತಾಯಿತು. ಒಂದು ಗಿಡುಗ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು, ರೆಕ್ಕೆಯ ಗಾಳಿ ಕೆನ್ನೆಗೆ ತಾಗಿತು. ಈ ಗಿಡುಗಗಳು ಮನೆಮಂದಿಯೆಲ್ಲ ಸೇರಿ ಬೇಟೆಯಾಡುತ್ತವೆ. ಕಳ್ಳಿಯ ತುದಿಯಲ್ಲಿ ಜಾಗ ಸಾಲದಿದ್ದರೆ ಒಂದರ ಬೆನ್ನ ಮೇಲೆ ಇನ್ನೊಂದು ನಿಲ್ಲುವುದೂ ಉಂಟು. ಗಿಳಿ ಕೈಲಿ ಸೈಕಲ್ ತುಳಿಸುವ ಆಟಗಳು ನನಗೆ ಚೂರೂ ಹಿಡಿಸುವುದಿಲ್ಲ. ಇಲ್ಲಿ ಹಕ್ಕಿ ತನ್ನ ಕಾಡಿನ ಕೆಲಸವನ್ನೇ ಮಾಡುತ್ತದೆ, ನಾವು ಸುಮ್ನೆ ನೋಡಬೇಕು, ಅಷ್ಟೆ.

ಆದರೆ ನನ್ನ ಮನಸ್ಸು ನಿಂತದ್ದು ವಿಷಜಂತುಗಳ ಪ್ರದರ್ಶನದಲ್ಲಿ.

ಮೊದಲು ರ‍್ಯಾಟಲ್‌ಸ್ನೇಕ್ ಬಂತು, ಕೊಕ್ಕೆಕೋಲಿನ ಮೇಲೆ. ಬಾಲದ ಗಿಲಕಿಗೆ ಪೊರೆ ಬಿಟ್ಟಾಗಲೆಲ್ಲ ಒಂದು ಉಂಗುರ ಸೇರುತ್ತದಂತೆ. ವರ್ಷಕ್ಕೆ ಎಷ್ಟೋ ಸಲ ಪೊರೆ ಬಿಡಬಹುದು, ತುದಿಯ ಉಂಗುರ ಮುರಿದೂ ಹೋಗಬಹುದು. ಹಾಗಾಗಿ ಉಂಗುರ ಎಣಿಸಿ ವಯಸ್ಸು ಹೇಳೋದಕ್ಕೆ ಆಗುವುದಿಲ್ಲ.

ಆಮೇಲೆ ಹೀಲಾ ಮಾನ್‌ಸ್ಟರ್, ನಾನು ಮೊದಲು ಹೇಳಿದ ಹಲ್ಲಿ. ಕಪ್ಪು ಮತ್ತು ಕಿತ್ತಳೆ ಬಣ್ಣದ ಮಣಿ ಪೋಣಿಸಿದಂಥ ಚರ್ಮ, ದಪ್ಪ ಬಾಲ. ಅವಸರವೇ ಇಲ್ಲ. ಸೀಳು ನಾಲಿಗೆ ಚಾಚುವುದು, ಗಾಳಿಯಲ್ಲಿ ಆಡಿಸುವುದು, ಒಳಗೆಳೆದುಕೊಳ್ಳುವುದು, ಆಮೇಲೆ ಒಂದು ಹೆಜ್ಜೆ. ಬದುಕಿನ ಹೆಚ್ಚಿನ ಕಾಲ ನೆಲದೊಳಗೇ ಕಳೆಯುತ್ತದೆ. ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುತ್ತದೆ, ವರ್ಷಕ್ಕೆ ಕೆಲವೇ ಸಲ ಹೊಟ್ಟೆತುಂಬ ಉಂಡರೆ ಸಾಕು. ವಿಷ ಇರುವುದು ಕೆಳದವಡೆಯಲ್ಲಿ. ಹಾವಿನ ಹಾಗೆ ಚುಚ್ಚಿ ಬಿಡುವುದಿಲ್ಲ, ಕಚ್ಚಿ ಹಿಡಿದು ಅಗಿಯುತ್ತದೆ.

ಇಷ್ಟು ಹೇಳಿ, ನಡೆಸಿಕೊಡುತ್ತಿದ್ದ ಹೆಂಗಸು ಕೇಳಿದರು, ‘ಇಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ?’ ಅಕ್ಕ ಕೈ ಎತ್ತಿದಳು.

‘ಹಾಗಾದರೆ ನೀವು ಇವನನ್ನು ಸರಿಯಾಗಿ ನೋಡಬೇಕು’ ಅಂದರು. ಈ ಹಲ್ಲಿಯ ವಿಷದಲ್ಲಿ ಎಕ್ಸೆಂಡಿನ್-4 ಅನ್ನುವ ಅಂಶ ಸಿಕ್ಕಿತು. ನಮ್ಮ ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಹಾರ್ಮೋನಿನ ಕೆಲಸವನ್ನೇ ಅದೂ ಮಾಡುತ್ತದೆ. ಸಕ್ಕರೆ ಏರಿದಾಗ ಇನ್ಸುಲಿನ್ ಬಿಡುವಂತೆ ಮಾಡುತ್ತದೆ. ನಮ್ಮದು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ, ಹಲ್ಲಿಯದು ಗಂಟೆಗಟ್ಟಲೆ ಉಳಿಯುತ್ತದೆ. ಅದರ ಜಾಡು ಹಿಡಿದು ಬಂದ ಎಕ್ಸೆನಟೈಡ್ ಇಂಜೆಕ್ಷನ್‌ಗೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಅಕ್ಕನಿಗೆ ಬೇರೆಯೇ ಚಿಂತೆ. ‘ಅಂದರೆ ಔಷಧಿಗೋಸ್ಕರ ಇವುಗಳನ್ನು ಹಿಡಿದು ವಿಷ ತೆಗೀತಾರಾ?’

‘ಇಲ್ಲ, ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುತ್ತಾರೆ. ಅರಿಜೋನಾದಲ್ಲಿ 1952ರಿಂದ ಇವಕ್ಕೆ ಕಾನೂನಿನ ರಕ್ಷಣೆ ಇದೆ.’

‘ಮನೆ ಅಂಗಳಕ್ಕೆ ಬಂದರೆ?’

‘ದೂರ ನಿಂತು ನೋಡಿ. ಅದರ ಪಾಡಿಗೆ ಅದು ಹೋಗುತ್ತದೆ. ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಅದನ್ನು ಕೈಯಲ್ಲಿ ಹಿಡಿಯಲು ಹೋದವರೇ.’

ಪ್ರದರ್ಶನ ಮುಗಿದು ಜನ ಎದ್ದರು. ಅಕ್ಕ ಏಳಲಿಲ್ಲ. ಮನೆಯಲ್ಲಿ ಸಾಮಾನ್ಯ ಹಲ್ಲಿ ಲೊಚಗುಟ್ಟಿದರೂ ಪೊರಕೆ ಹುಡುಕುವವಳು ಅವಳು. ಈಗ ಮುಂದಕ್ಕೆ ಬಾಗಿ, ‘ಎಷ್ಟು ವರ್ಷ ಬದುಕುತ್ತೆ? ಮೊಟ್ಟೆ ಇಡುತ್ತಾ? ಚಳಿಗಾಲದಲ್ಲಿ ಏನು ಮಾಡುತ್ತೆ?’ ಅಂತ ಒಂದೇ ಸಮನೆ ಕೇಳುತ್ತಿದ್ದಳು. ಆ ಹೆಂಗಸು ಬೇಸರವಿಲ್ಲದೆ ಎಲ್ಲಕ್ಕೂ ಉತ್ತರ ಹೇಳಿದರು. ಬಾಲ ಚೆನ್ನಾಗಿ ಕಾಣಲಿ ಅಂತ ಹಲ್ಲಿ ಇದ್ದ ತಟ್ಟೆಯನ್ನೇ ತಿರುಗಿಸಿದರು. ‘ಬಾಲ ದಪ್ಪ ಇದೆ ಅಂದರೆ ಹೊಟ್ಟೆಗೆ ಸರಿಯಾಗಿ ಸಿಕ್ಕಿದೆ ಅಂತ ಅರ್ಥ’ ಅಂದರು.

ಇದರಲ್ಲಿ ಹಮ್ಮಿಂಗ್‌ಬರ್ಡ್‌ಗಳ ಮನೆ ನೋಡುವುದು ಉಳಿದೇಹೋಯಿತು, ನನಗೆ ಅದರ ಬೇಜಾರಿಲ್ಲ. ನೀವು ಹೋದರೆ ಪ್ರದರ್ಶನ ಶುರುವಾಗುವ ಮೊದಲೇ ಮುಂದಿನ ಸಾಲು ಹಿಡಿಯಿರಿ. ಹಿಂದೆ ಕೂತರೆ ಆ ನಾಲಿಗೆ ಕಾಣುವುದಿಲ್ಲ. ಮುಗಿದ ಕೂಡಲೇ ಎದ್ದು ಹೋಗಬೇಡಿ, ಕೇಳಿದಷ್ಟೂ ಹೇಳುವವರು ಅಲ್ಲಿದ್ದಾರೆ.