ಕೊಳ್ಳಿ ಎಳೆದ ಮೇಲಿನ ಕೆಂಡ

ಬೇಸಗೆಯ ಒಂದು ಭಾನುವಾರ ಪೆರ್ಲದ ಹತ್ತಿರದ ವಾಚನಾಲಯದಲ್ಲಿ ಅಣುವಿದ್ಯುತ್ತಿನ ಚರ್ಚೆ ಇಟ್ಟಿದ್ದರು. ನಮ್ಮ ಕಾಸರಗೋಡು ಜಿಲ್ಲೆಯ ತೆಂಕು ತುದಿಯ ಚೀಮೇನಿಯ ಹೆಸರು 2024ರಲ್ಲಿ ಸ್ಥಾವರಕ್ಕೆ ಕೇಳಿಬಂದಿತ್ತು. 220 ಮೆಗಾವ್ಯಾಟಿನ ಎರಡು ಘಟಕಗಳ ಮಾತು. ಕೈಗಾದ ನಾಲ್ಕೂ ಘಟಕಗಳು ಇದೇ ಗಾತ್ರದವು. ಹಾಗಾಗಿ ಲೆಕ್ಕ ಹೇಳಲು ಕೂತ ನಾವಿಬ್ಬರೂ ಕೈಗಾವನ್ನೇ ಮುಂದಿಟ್ಟುಕೊಂಡೆವು.

ಮೊದಲು ಲಾಭದ ಮಾತು, ಯಾಕೆಂದರೆ ಅದು ಸಣ್ಣದಲ್ಲ. ಅಲ್ಲಿ ಉರಿಯುವುದು ಯುರೇನಿಯಂ ಬಂಡಲ್: ಮೊಳದಷ್ಟು ಉದ್ದ, ಹತ್ತೊಂಬತ್ತು ತೆಳು ಕೊಳವೆ, ತೂಕ ಸುಮಾರು 16 ಕಿಲೊ. ಅಂಥದ್ದೊಂದು ತೀರುವಷ್ಟರಲ್ಲಿ ಆರು ಲಕ್ಷ ಯೂನಿಟ್ಟಿಗೂ ಮಿಕ್ಕಿ ಕರೆಂಟು ಕೊಟ್ಟಿರುತ್ತದೆ. ಅಷ್ಟಕ್ಕೆ ಕಲ್ಲಿದ್ದಲಾದರೆ 400 ಟನ್ ಬೇಕು. ಅದರ ಹೊಗೆ, ಬೂದಿ ಬೇರೆ. ಕೈಗಾದ ಒಂದನೇ ಘಟಕ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ಓಡಿದೆ. ಆದರೆ ಹೊಸ ಬಂಡಲನ್ನು ಕೈಗವಸು ಹಾಕಿ ಎತ್ತಬಹುದು, ಉರಿದ ಬಂಡಲಿನ ಹತ್ತಿರ ಯಾರೂ ನಿಲ್ಲುವ ಹಾಗಿಲ್ಲ. ಅದನ್ನು ವರ್ಷಗಟ್ಟಲೆ ಆಳವಾದ ನೀರಿನಡಿ ಇಡಬೇಕು.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದರು. "ಅಲ್ಲ ಮಾಷ್ಟ್ರೇ, ಉರಿದು ಮುಗಿದದ್ದಕ್ಕೆ ನೀರು ಯಾಕೆ?"

ಇಡೀ ಚರ್ಚೆಯ ಬುಡ ಇದೇ. ಬಚ್ಚಲ ಹಂಡೆಯ ಒಲೆಯಿಂದ ಕೊಳ್ಳಿ ಎಳೆದರೂ ಕೆಂಡ ನೀರನ್ನು ಕಾಯಿಸುತ್ತಲೇ ಇರುತ್ತದಲ್ಲ, ಹಾಗೆ. ಒಲೆಯ ಕೆಂಡಕ್ಕೆ ಒಂದು ಚೊಂಬು ನೀರು ಹೊಯ್ದರೆ ಆರುತ್ತದೆ, ಬಂಡಲಿನೊಳಗಿನ ವಿಕಿರಣ ವಸ್ತುಗಳ ಈ ಕೆಂಡ ಹಾಗೆ ಆರುವುದಿಲ್ಲ. 220 ಮೆಗಾವ್ಯಾಟಿನ ಘಟಕದ ಒಳಗಿನ ಶಾಖ ಸುಮಾರು 750 ಮೆಗಾವ್ಯಾಟ್. ನಿಲ್ಲಿಸಿದ ಕ್ಷಣಕ್ಕೆ ಅದರಲ್ಲಿ ನೂರಕ್ಕೆ ಆರೇಳು ಪಾಲು ಉಳಿದಿರುತ್ತದೆ, ಒಂದು ಗಂಟೆ ಕಳೆದಾಗ ಒಂದೂವರೆ, ಮರುದಿನ ನೂರಕ್ಕೆ ಅರ್ಧ. ಅರ್ಧವೇ ಎನ್ನಬೇಡಿ. ಗಂಟೆಗೆ ಐದು ಸಾವಿರ ಲೀಟರಿಗೂ ಹೆಚ್ಚು ನೀರನ್ನು ಆವಿ ಮಾಡಲು ಅಷ್ಟು ಸಾಕು. ಎಪ್ರಿಲಿನಲ್ಲಿ ನಮ್ಮ ಊರುಗಳಿಗೆ ಬರುವ ಸಣ್ಣ ಟ್ಯಾಂಕರ್ ಗಂಟೆಗೊಂದರಂತೆ ಖಾಲಿಯಾದ ಹಾಗೆ.

ಫುಕುಶಿಮಾದಲ್ಲಿ 2011ರ ಮಾರ್ಚ್ 11ರಂದು ಭೂಕಂಪಕ್ಕೆ ರಿಯಾಕ್ಟರುಗಳು ಸರಿಯಾಗಿಯೇ ನಿಂತಿದ್ದವು. ಆಮೇಲೆ ಬಂದ ಸಮುದ್ರದ ನೀರು ಡೀಸೆಲ್ ಜನರೇಟರುಗಳನ್ನು ಮುಳುಗಿಸಿತು, ಪಂಪು ನಿಂತಿತು, ಮೂರು ರಿಯಾಕ್ಟರುಗಳಲ್ಲಿ ಇಂಧನ ಕರಗಿತು. ನಮ್ಮ ದೇಶದ ನರೋರಾ ಇನ್ನೂ ಹತ್ತಿರದ ಪಾಠ, ಅಲ್ಲಿಯದ್ದೂ 220ರ ಘಟಕ. 1993ರ ಮಾರ್ಚ್ 31ರಂದು ಟರ್ಬೈನಿನ ಅಲಗು ಮುರಿದು ಬೆಂಕಿ ಹತ್ತಿ, ಕೇಬಲು ಸುಟ್ಟು, ಸುಮಾರು 17 ಗಂಟೆ ಘಟಕದಲ್ಲಿ ಕರೆಂಟೇ ಇರಲಿಲ್ಲ. ಬೆಂಕಿ ಆರಿಸುವ ಡೀಸೆಲ್ ಪಂಪಿನಿಂದ ನೀರು ಹಾಯಿಸಿ ಕೆಂಡವನ್ನು ಹಿಡಿತದಲ್ಲಿಟ್ಟರು. ವಿಕಿರಣ ಹೊರಗೆ ಬರಲಿಲ್ಲ. ಆ ರಾತ್ರಿ ದುಡಿದವರ ಮೇಲೆ ನಮಗೆ ಅಪಾರ ಗೌರವವಿದೆ.

ದಿನನಿತ್ಯದ ನೀರಿನ ಲೆಕ್ಕ ಬೇರೆ. ನೀರು ತಣಿಸುವ ಗೋಪುರ, ಅಂದರೆ ಕೂಲಿಂಗ್ ಟವರ್ ಕಟ್ಟಿದರೆ ಯೂನಿಟ್ಟಿಗೆ ಸುಮಾರು ಎರಡೂವರೆ ಲೀಟರ್ ಆವಿಯಾಗಿ ಹೋಗುತ್ತದೆ. ಎರಡು ಘಟಕಕ್ಕೆ ದಿನಕ್ಕೆ ಎರಡೂವರೆ ಕೋಟಿ ಲೀಟರ್ ದಾಟುತ್ತದೆ. ಮುರಕಲ್ಲಿನ ಪಾರೆಯಲ್ಲಿ ಬಿದ್ದ ಮಳೆ ನಿಲ್ಲುವುದಿಲ್ಲ, ಕಡಲಿಗೆ ಓಡುತ್ತದೆ. ಚೀಮೇನಿಯ ವಿಷಯದಲ್ಲಿ ಬಾಂಬಿನ ಹೆದರಿಕೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಮೇ ತಿಂಗಳ ನೀರು ಯಾವ ಹೊಳೆಯದ್ದು?

ಅಕ್ಕ ಕೂತಿರಲಿಲ್ಲ. "ಮಗಳನ್ನು ಆ ಕಡೆಗೇ ಕೊಟ್ಟದ್ದು" ಎಂದರು. ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಹೊಡೆಯುವಾಗ ಬಾವಿಗೆ ಮುಚ್ಚಳ ಹಾಕಿ ಎನ್ನುತ್ತಿದ್ದರಂತೆ. "ನಮ್ಮದು ಗುಡ್ಡ ಕೊರೆದ ಸುರಂಗದ ನೀರು. ಅದಕ್ಕೆ ಎಲ್ಲಿಯ ಮುಚ್ಚಳ ಮಾಷ್ಟ್ರೇ?"

ಆ ವಿಷಕ್ಕೆ ನಲುಗಿದ ಪಡ್ರೆ ಊರಿನ ಮಕ್ಕಳನ್ನು ಕಂಡ ಸಭೆ ಸುಮ್ಮನಾಯಿತು. ಭರವಸೆ ಕೊಡುವುದು ನಮ್ಮ ಕೈಯಲ್ಲಿಲ್ಲ, ಅಳತೆಯ ದಾರಿ ಹೇಳಬಹುದು ಎಂದೆವು. ಅಡಿಗಲ್ಲು ಬೀಳುವ ಮೊದಲೇ ಬಾವಿನೀರಿನಲ್ಲಿ ಟ್ರೀಟಿಯಂ, ಮಣ್ಣಿನಲ್ಲಿ ಸೀಸಿಯಂ, ಹಾಲಿನಲ್ಲಿ ಅಯೋಡಿನ್, ಈ ವಿಕಿರಣ ಸೂಸುವ ವಸ್ತುಗಳು ಎಷ್ಟಿವೆಯೆಂದು ಅಳೆದಿಡಬೇಕು. ಆಗ ಅಳೆಯದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ಒಂದೇ ಮಾದರಿಯನ್ನು ಎರಡು ಪಾಲು ಮಾಡಿ, ಸ್ಥಾವರಕ್ಕೆ ಸಂಬಂಧವಿಲ್ಲದ ಪ್ರಯೋಗಾಲಯಕ್ಕೂ ಒಂದು ಪಾಲು ಕಳಿಸಬೇಕು. ಅಂಕಿ ಪಂಚಾಯತಿನ ಬೋರ್ಡಿನಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಇರಬೇಕು.

"ಯಾವ ತಿಂಗಳ ನೀರು ಹಿಡಿಯಬೇಕು?" ಅಕ್ಕ ಕೇಳಿದರು.

ಮಳೆಗಾಲದ ಆಟಿ ತಿಂಗಳದ್ದೊಂದು ಬಾಟಲಿ, ಎಪ್ರಿಲಿನದ್ದೊಂದು ಎಂದೆವು. ಅವರು ಪಕ್ಕದ ಹುಡುಗನಿಂದ ಪೆನ್ನು ತೆಗೆದುಕೊಂಡು ಅಂಗೈಯಲ್ಲಿ ಬರೆದುಕೊಂಡರು.