ಅಲ್ಪಾಕಾ ಹೊದಿಕೆಯನ್ನು ಹಗ್ಗದ ಮೇಲೆ ಹಾಕಬೇಡಿ

ಅಮ್ಮನಿಗೂ ಉಣ್ಣೆಗೂ ಆಗಿಬರುವುದಿಲ್ಲ. ಕುತ್ತಿಗೆಗೆ ತಗುಲಿ ಐದು ನಿಮಿಷ ಆಗಿರುವುದಿಲ್ಲ, ಕೆರೆದುಕೊಳ್ಳಲು ಶುರು ಮಾಡುತ್ತಾಳೆ. ಹಾಗಾಗಿ ನಾನು ಅಲ್ಪಾಕಾ ನೂಲಿನಲ್ಲಿ ಹೊದಿಕೆ ಹೆಣೆದು ಕೊಟ್ಟಾಗ ಮಂಡಿಯ ಮೇಲಷ್ಟೇ ಹಾಕಿಕೊಂಡಳು, ಅದೂ ನನ್ನ ಬಲವಂತಕ್ಕೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಗಲ್ಲದ ತನಕ ಎಳೆದುಕೊಂಡು ಗಾಢ ನಿದ್ದೆ. ಎದ್ದ ಮೇಲೆ ತೀರ್ಪು ಬಂತು: "ಇದು ಉಣ್ಣೆ ಅಲ್ಲ ಬಿಡೇ, ಬೇರೇನೋ."

ಅಮ್ಮನ ಮಾತು ಪೂರ್ತಿ ತಪ್ಪೇನಲ್ಲ. ಅಲ್ಪಾಕಾ ಕುರಿಯ ಜಾತಿಯದಲ್ಲ, ಒಂಟೆಯ ಬಳಗದ್ದು. ಪೆರು, ಬೊಲಿವಿಯಾಗಳ ಆಂಡಿಸ್ ಪರ್ವತಗಳಲ್ಲಿ, ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ, ಸಾವಿರಾರು ವರ್ಷಗಳಿಂದ ಜನ ಅದನ್ನು ಉಣ್ಣೆಗೆಂದೇ ಸಾಕುತ್ತಿದ್ದಾರೆ. ಕುರಿಯುಣ್ಣೆಯ ಎಳೆಯ ಮೈಮೇಲೆ ಎದ್ದು ನಿಲ್ಲುವ ಚಿಪ್ಪುಗಳು ಇದರಲ್ಲಿ ಹೆಚ್ಚುಕಡಿಮೆ ಅಂಟಿಕೊಂಡೇ ಇರುತ್ತವೆ. ಅದಕ್ಕೇ ಆ ನುಣುಪು. ಕುರಿಯುಣ್ಣೆಯಲ್ಲಿರುವ ಜಿಡ್ಡು ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಧೂಳಿಗೆ ಮಾತ್ರ ಬರವಿಲ್ಲ. ಮಣ್ಣಿನಲ್ಲಿ ಹೊರಳಾಡುವುದೆಂದರೆ ಈ ಪ್ರಾಣಿಗಳಿಗೆ ಪ್ರಾಣ. ಒಮ್ಮೆ ತೊಳೆಯದ ಉಣ್ಣೆ ತರಿಸಿ ಹಾಳೆಯ ಮೇಲೆ ಕೊಡವಿದ್ದೆ. ಬಿದ್ದ ಮಣ್ಣಲ್ಲಿ ಒಂದು ಸಣ್ಣ ಗಿಡ ನೆಡಬಹುದಿತ್ತು.

ಆದರೆ ಚುಚ್ಚುವುದೋ ಇಲ್ಲವೋ ಅನ್ನುವುದು ಮುಖ್ಯವಾಗಿ ಎಳೆಯ ದಪ್ಪಕ್ಕೆ ಬಿಟ್ಟದ್ದು. 30 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಾಟಿದ ಎಳೆಗಳು ಯಾವ ಪ್ರಾಣಿಯದಾದರೂ ಚುಚ್ಚುತ್ತವೆ. ಲೇಬಲ್ಲಿನ ಮೇಲೆ 'ಬೇಬಿ ಅಲ್ಪಾಕಾ' ಎಂದಿದ್ದರೆ ಅದು ಮರಿಯ ಉಣ್ಣೆ ಎಂದು ನಾನೂ ಬಹಳ ದಿನ ನಂಬಿದ್ದೆ. ಅದು ವಯಸ್ಸಲ್ಲ, ದರ್ಜೆ: ಸುಮಾರು 22 ಮೈಕ್ರಾನ್ ನಯದ್ದು, ದೊಡ್ಡ ಪ್ರಾಣಿಯದೂ ಆಗಿರಬಹುದು. ಬರೀ '100% ಅಲ್ಪಾಕಾ' ಎಂದಿದ್ದರೆ ಒರಟು ಎಳೆಯೂ ಇರಬಹುದು. ಅಂಗೈಯಲ್ಲಿ ಸವರಿ ನೋಡಿ ಮೋಸ ಹೋಗಬೇಡಿ, ಕಿವಿಯ ಕೆಳಗೆ ಉಜ್ಜಿ ನೋಡಿ.

ಇನ್ನೊಂದು ತಮಾಷೆ. "ಎಳೆಯ ಒಳಗೆ ಟೊಳ್ಳು, ಅಲ್ಲಿ ಗಾಳಿ ನಿಲ್ಲುತ್ತದೆ, ಅದಕ್ಕೇ ಅಷ್ಟು ಬೆಚ್ಚಗೆ" ಎಂದು ಮಾರುವವರೆಲ್ಲ ಹೇಳುತ್ತಾರೆ. ಟೊಳ್ಳು ಇರುವುದು ನಿಜ. ಆದರೆ ಎಳೆ ದಪ್ಪವಾದಷ್ಟೂ ಅದು ಜಾಸ್ತಿ, ತೀರಾ ನಯದ ಎಳೆಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಅತಿ ಮೃದು, ಅತಿ ಟೊಳ್ಳು ಎರಡನ್ನೂ ಒಟ್ಟಿಗೆ ಹೊಗಳಿದರೆ ನಾನು ನಕ್ಕು ಮುಂದೆ ಹೋಗುತ್ತೇನೆ.

ಈಗ ಹಗ್ಗದ ಕಥೆ. ಮೊದಲ ಸಲ ಹೊದಿಕೆ ತೊಳೆದಾಗ ತಣ್ಣೀರು, ಒಂದು ಚಮಚ ಶಾಂಪೂ, ಉಜ್ಜಾಟ ಇಲ್ಲ, ಎಲ್ಲ ಸರಿಯಾಗಿಯೇ ಮಾಡಿದೆ. ಆಮೇಲೆ ಬುದ್ಧಿಗೆ ಏನು ಮಂಕು ಕವಿಯಿತೋ, ಒದ್ದೆ ಹೊದಿಕೆಯನ್ನು ಹಗ್ಗದ ಮೇಲೆ ಹಾಕಿಬಿಟ್ಟೆ. ಸಂಜೆಗೆ ಅದು ಒಂದು ಗೇಣು ಉದ್ದವಾಗಿತ್ತು. ಹೆಣಿಗೆ ಜೋತು, ಅಂಚಿನ ಕುಚ್ಚುಗಳು ನೆಲ ಗುಡಿಸುತ್ತಿದ್ದವು. ಕುರಿಯುಣ್ಣೆಯ ಎಳೆಯಲ್ಲಿ ಸ್ಪ್ರಿಂಗಿನಂಥ ಸುರುಳಿ ಇರುತ್ತದೆ, ಎಳೆದರೆ ವಾಪಸ್ ಬರುತ್ತದೆ. ಅಲ್ಪಾಕಾದಲ್ಲಿ ಆ ಸುರುಳಿ ಕಡಿಮೆ. ಅಮ್ಮ ಮಾತ್ರ, "ಪಾದಾನೂ ಮುಚ್ಚುತ್ತೆ, ಹಾಗೇ ಇರಲಿ" ಅಂದಳು.

ಈ ಜೋಲುವ ಗುಣವೇ ಸೋಫಾದ ಮೇಲಿನ ಹೊದಿಕೆಗೆ ಚಂದ. ಸೆಟೆದು ನಿಲ್ಲುವುದಿಲ್ಲ, ನೀರಿನ ಹಾಗೆ ಇಳಿಬಿದ್ದು ಮೈಗೆ ಒರಗುತ್ತದೆ. ಅದೇ ನೂಲಿನಲ್ಲಿ ದಿಂಬಿನ ಕವರ್ ಹೆಣೆದೆ, ಎರಡು ತಿಂಗಳಿಗೆ ನಡುವೆ ಚೀಲದಂತೆ ಜೋತುಬಿತ್ತು. ಈಗ ಒಳಗಡೆ ಹತ್ತಿಬಟ್ಟೆಯ ಅಸ್ತರಿ ಕೊಡುತ್ತೇನೆ, ಇಲ್ಲವೇ ಕುರಿಯುಣ್ಣೆ ಬೆರೆತ ನೂಲು ಹಿಡಿಯುತ್ತೇನೆ. ಹತ್ತಿಯ ಜೊತೆ ಇದನ್ನು ಕೂಡಿಸಿದವಳು ನಾನೇ ಮೊದಲಲ್ಲ. 1830ರ ದಶಕದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಟೈಟಸ್ ಸಾಲ್ಟ್ ಎಂಬ ಗಿರಣಿ ಮಾಲೀಕ ಉದ್ದಕ್ಕೆ ಹತ್ತಿಯ ಎಳೆ, ಅಡ್ಡಕ್ಕೆ ಅಲ್ಪಾಕಾ ಎಳೆ ಕೊಟ್ಟು ಬಟ್ಟೆ ನೇಯಿಸಿ ದೊಡ್ಡ ಶ್ರೀಮಂತನಾದ. ನನ್ನದು ದಿಂಬಿನ ಕವರಿಗೇ ನಿಂತಿದೆ.

ಆನ್‌ಲೈನಿನಲ್ಲಿ ಒಮ್ಮೆ 'ಅಲ್ಪಾಕಾ' ಎಂದು ಇನ್ನೊಂದು ಹೊದಿಕೆ ತರಿಸಿದೆ. ಮುಟ್ಟಿದರೆ ಮೆತ್ತಗೇ ಇತ್ತು, ಆದರೂ ಅನುಮಾನ. ಅಂಚಿನಿಂದ ಒಂದು ಎಳೆ ಕತ್ತರಿಸಿ, ಚಿಮಟದಲ್ಲಿ ಹಿಡಿದು ಸಿಂಕಿನ ಮೇಲೆ ಬೆಂಕಿ ತೋರಿಸಿದೆ. ಕರಗಿ ಮುದುಡಿ, ತುದಿಯಲ್ಲಿ ಕಪ್ಪು ಗಟ್ಟಿ ಮಣಿ. ಅಪ್ಪಟ ಅಕ್ರಿಲಿಕ್. ಅಮ್ಮನ ಹೊದಿಕೆಯ ಎಳೆಯನ್ನು ಹಿಡಿದರೆ ಸುಟ್ಟ ಕೂದಲಿನ ವಾಸನೆ, ಬೆಂಕಿ ತೆಗೆದೊಡನೆ ತಾನೇ ನಂದಿತು, ಉಳಿದ ಬೂದಿ ಬೆರಳಲ್ಲಿ ಪುಡಿಪುಡಿ. ಕುರಿಯುಣ್ಣೆಯೂ ಹೀಗೇ ಉರಿಯುತ್ತದೆ ಅನ್ನಿ. ಪ್ಲಾಸ್ಟಿಕ್ ಹಿಡಿಯಲು ಇಷ್ಟು ಸಾಕು.

ಬಣ್ಣದ ಬಗ್ಗೆ ಒಂದೇ ಮಾತು: ಬಣ್ಣ ಹಾಕದ್ದನ್ನೇ ಕೊಳ್ಳಿ. ಬಿಳಿಯಿಂದ ಕಪ್ಪಿನವರೆಗೆ 20ಕ್ಕೂ ಹೆಚ್ಚು ಸಹಜ ಛಾಯೆಗಳಿವೆ. ಅಮ್ಮನದು ಕಂದು, ಆದರೆ ಕಿಟಕಿಯ ಬೆಳಕಿಗೆ ಹಿಡಿದರೆ ಒಂದೇ ನೂಲಿನಲ್ಲಿ ಜೇನಿನ ಬಣ್ಣದ ಎಳೆಯೂ ಕಾಣುತ್ತದೆ, ಇದ್ದಿಲಿನಂಥದೂ ಕಾಣುತ್ತದೆ.

ತೊಳೆದ ಮೇಲೆ ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ, ನೆಲದ ಮೇಲೆ ಹರವಿ ಒಣಗಿಸಿ. ಬಿಸಿನೀರು, ಮೆಷಿನ್ ಎರಡೂ ಸೇರಿದರೆ ಗಂಟುಕಟ್ಟಿ ದಪ್ಪ ರಟ್ಟಾಗುತ್ತದೆ. ನುಸಿಗೆ ಕುರಿ, ಅಲ್ಪಾಕಾ ಎಂಬ ಭೇದವಿಲ್ಲ, ಎರಡನ್ನೂ ಒಂದೇ ರುಚಿಯಿಂದ ತಿನ್ನುತ್ತದೆ. ಎತ್ತಿಡುವುದಾದರೆ ತೊಳೆದು, ಪೂರ್ತಿ ಒಣಗಿಸಿ, ಬಿಗಿಯಾಗಿ ಮುಚ್ಚುವ ಚೀಲದಲ್ಲಿಡಿ. ನಮ್ಮಲ್ಲಿ ಆ ಪ್ರಶ್ನೆ ಇನ್ನೂ ಬಂದಿಲ್ಲ. ತೊಳೆಯಲು ಕೇಳಿದರೂ ಅಮ್ಮ "ನಾಳೆ ನೋಡೋಣ" ಅನ್ನುತ್ತಾಳೆ.